ಮೊಂತೆಸಾಲೆಯ ನಾಲ್ಕನೇ ದಾರಿ

ಆ ಶನಿವಾರ ಬೆಳಿಗ್ಗೆ ಡೆಂಜಿಲ್ ಪಿಂಟೋ ಓಟದ ಬೂಟುಗಳನ್ನು ಚೀಲದಲ್ಲಿ ಹಾಕಿಕೊಂಡು ಚಪ್ಪಲಿಯಲ್ಲೇ ಮನೆಯಿಂದ ಹೊರಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅವರು ಬೂಟು ಹಾಕಿಕೊಂಡೇ ಮೆಟ್ಟಿಲಿಳಿದರು. ಬೂಟು ಹೊಸದು, ಹಸಿರು ಬಣ್ಣದ್ದು, ತುದಿಯಲ್ಲಿ ಕೆಂಪು. ಐವತ್ತು ದಾಟಿದ, ಕಂದು ಷೂ ಬಿಟ್ಟು ಬೇರೇನೂ ಹಾಕಿ ಗೊತ್ತಿಲ್ಲದ ಮನುಷ್ಯನ ಕಾಲಿನಲ್ಲಿ ಅವು ಎರಡು ಗಿಳಿಗಳು ಬಂದು ಕೂತ ಹಾಗಿದ್ದವು.

ನೈರೋಬಿಯ ಸೌತ್ ಬಿ ಬಡಾವಣೆಯ ಆ ವಠಾರದ ಗೇಟಿನಲ್ಲಿ ಕಾವಲು ಕಾಯುವ ಮುಟುವಾ ಎದ್ದು ನಿಂತ. "ಮ್ಝೇ, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರಾ? ಗೇಟು ಹಾಕಿಬಿಡಲಾ?" ಎಂದ. ಹಿರಿಯರನ್ನೆಲ್ಲ ಅವನು ಕರೆಯುವುದು ಮ್ಝೇ ಎಂದೇ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ, ನಿಜವಾದ ಕಾಳಜಿ ಇತ್ತು. ಡೆಂಜಿಲ್‌ಗೆ ಅದರಿಂದಲೇ ಹೆಚ್ಚು ನಾಚಿಕೆಯಾಯಿತು.

ಅವರು ಕೆಲಸ ಮಾಡುತ್ತಿದ್ದದ್ದು ಒಂದು ಪುಟ್ಟ ಪ್ರವಾಸ ಕಂಪನಿಯಲ್ಲಿ. ಗಿಗಿರಿಯ ದೊಡ್ಡ ದೊಡ್ಡ ಕಚೇರಿಗಳ ಜನ ವರ್ಷವಿಡೀ ಕಾರಿನಲ್ಲಿ ಕೂತು ಓಡಾಡಿ, ರಜೆ ಬಂದಾಗ ಕಾಲಿನಿಂದ ಓಡುವ ಆಸೆಗೆ ಬೀಳುತ್ತಾರೆ. ಜಗತ್ತಿನ ಓಟಗಾರರೆಲ್ಲ ಓಟ ಕಲಿಯಲು ಕೀನ್ಯಾಕ್ಕೆ ಬಂದರೆ, ಇವರು ಕೀನ್ಯಾದಿಂದ ಇಟಲಿಗೆ ಹೋಗಿ ಓಡುತ್ತಾರೆ. ಅಲ್ಲಿ ಮೆಡಿಟರೇನಿಯನ್ ಸಮುದ್ರದ ಮೇಲೆ ಬಾಗಿದ ಗುಡ್ಡಕ್ಕೆ ಅಂಟಿಕೊಂಡ ಮೊಂತೆಸಾಲೆ ಎಂಬ ಹಳ್ಳಿ. ಅದರ ಸುತ್ತ ಓಡುವ ದಾರಿಗಳನ್ನು ಗೊತ್ತುಮಾಡಿ, ಎಲ್ಲಿ ತಿರುಗಬೇಕು, ಎಲ್ಲಿ ಏರು, ಎಲ್ಲಿ ಜಾರುವ ಕಲ್ಲು ಎಂದು ಬರೆದುಕೊಟ್ಟವರು ಡೆಂಜಿಲ್. ಬರೆದು ಆರು ವರ್ಷವಾಗಿತ್ತು. ಕೈಯಲ್ಲಿ ಆ ಹಾಳೆ ಹಿಡಿದು ಓಡಿದವರೆಲ್ಲ ಹೊಗಳಿದ್ದರು.

ಮೊಂತೆಸಾಲೆಯನ್ನು ಡೆಂಜಿಲ್ ನೋಡಿರಲಿಲ್ಲ. ಕಂಪ್ಯೂಟರಿನಲ್ಲಿ ಆಕಾಶದಿಂದ ತೆಗೆದ ಚಿತ್ರ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಯಾರ್‍ಯಾರೋ ಹಾಕಿದ ಫೋಟೋಗಳನ್ನು ಹುಡುಕಿ ಹುಡುಕಿ ಬರೆದದ್ದು. ಚರ್ಚಿನ ಗೋಡೆಯ ನೆರಳು ಮಧ್ಯಾಹ್ನ ಯಾವ ಕಡೆ ಬೀಳುತ್ತದೆ ಎಂಬುದು ಅವರಿಗೆ ಗೊತ್ತು. ಅಲ್ಲಿನ ಗಾಳಿ ಯಾವ ವಾಸನೆ ಹೊತ್ತು ಬರುತ್ತದೆ ಎಂಬುದು ಗೊತ್ತಿಲ್ಲ. ಮಲ್ಪೆಯ ಸಮುದ್ರದಂತೆ ಮೀನಿನ ವಾಸನೆಯೋ, ಅಥವಾ ಬರಿ ಉಪ್ಪೋ. ಇಷ್ಟು ವರ್ಷ ಮನಸ್ಸಿನಲ್ಲಿ ಹತ್ತಿ ಇಳಿದ ಆ ಊರಿನ ಕಲ್ಲಿನ ಮೆಟ್ಟಿಲುಗಳ ಮೇಲೆ ಒಮ್ಮೆ ನಿಜವಾದ ಕಾಲು ಇಡಬೇಕು ಎಂಬ ಒಂದೇ ಆಸೆ ಅವರಿಗೆ. ಬೇರೆ ಆಸೆಗಳನ್ನೆಲ್ಲ ಅವರು ಯಾವತ್ತೋ ಬಿಟ್ಟಿದ್ದರು.

ಈಗ ಕಂಪನಿಯ ಯಜಮಾನ ಹರ್ಷ, ದಾರಿಗಳು ಸರಿಯಾಗಿವೆಯೇ ಎಂದು ನೋಡಿಬರಲು ಒಬ್ಬರನ್ನು ಕಳಿಸುತ್ತೇನೆ ಎಂದಿದ್ದ. ಡೆಂಜಿಲ್ ಅಥವಾ ವೈಭವ್. ವೈಭವ್ ಕಳೆದ ವರ್ಷ ಬೆಂಗಳೂರಿನಿಂದ ಬಂದ ಹುಡುಗ, ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತುವವನು. "ಹೋಗೋರು ಎಲ್ಲಾ ರೂಟನ್ನೂ ಓಡ್ಬೇಕು. ಸ್ಯಾಟರ್ಡೇ ಕರೂರಾ ಫಾರೆಸ್ಟ್‌ಗೆ ಬನ್ನಿ, ಮೂವರೂ ಒಂದ್ ರೌಂಡ್ ಓಡೋಣ. ಆಮೇಲೆ ಡಿಸೈಡ್ ಮಾಡೋಣ" ಎಂದಿದ್ದ ಹರ್ಷ.

ಆದ್ದರಿಂದ ಬೂಟು.

"ಡೆಂಜಿಲ್, ನಿಂತ್ಕೊಳಪ್ಪ" ಎಂಬ ಧ್ವನಿ ಮೊದಲನೇ ಮಹಡಿಯಿಂದ ಬಂತು. ಕಾತ್ಯಾಯಿನಿ ಮೇಡಂ. ಮೈಸೂರಿನಿಂದ ಬಂದು ನೈರೋಬಿಯ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ವಠಾರದಲ್ಲಿ ಯಾರಿಗೆ ಕೆಮ್ಮು ಬಂದರೂ ಅವರ ಮನೆಯ ಒಲೆ ಹೊತ್ತಿಕೊಳ್ಳುತ್ತಿತ್ತು.

"ಮಂಡಿ ನೋವು ಅಂತ ಹೋದ ವಾರ ನಂಗೆ ಹೇಳಿದ್ದು ನೀನೇ ತಾನೆ. ಈಗ ಎಲ್ಲಿಗೆ, ಈ ಬೂಟು ಹಾಕ್ಕೊಂಡು?"

ಡೆಂಜಿಲ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬರೆಯಲು ಮಾತ್ರ ಒಮ್ಮೆ ಬಂದಿತ್ತು. ಅದರ ಮಾತು ಆಮೇಲೆ. ಅವರು ನಡೆದದ್ದನ್ನೆಲ್ಲ ಹೇಳಿದರು.

ಮುಂದಿನದೆಲ್ಲ ಕೇವಲ ಒಳ್ಳೆಯತನದಿಂದ ಆದದ್ದು. ಮೇಡಂ ಮೆಂತ್ಯ ಶುಂಠಿಯ ಕಷಾಯ ದೊಡ್ಡ ಲೋಟದಲ್ಲಿ ತಂದು ಕುಡಿಸಿದರು. ಅರ್ಧ ಕುಡಿದು ಕೆಳಗಿಟ್ಟಾಗ ಇನ್ನಷ್ಟು ಹಾಕಿದರು. ಎರಡೂ ಮಂಡಿಗೆ ನೋವಿನ ಎಣ್ಣೆ ತಿಕ್ಕಿ, ಮೇಲೆ ಹಳೆಯ ಸೀರೆಯ ಪಟ್ಟಿ ಕಟ್ಟಿದರು. ಮಧ್ಯದಲ್ಲಿ ಶಕ್ತಿಗೆ ಇರಲಿ ಎಂದು ಜೇಬಿಗೆ ಬಾಳೆಹಣ್ಣು ತುರುಕಿದರು.

ಮಹಡಿಯ ಮೇಲಿನಿಂದ ಡೆಂಜಿಲ್‌ರ ಹೆಂಡತಿ ಫಿಲೋಮಿನಾ ಬಗ್ಗಿ ನೋಡಿದರು. "ಓಟಕ್ಕೆ ಹೋಗುದಾ, ಬಾಣಂತನಕ್ಕೆ ಹೋಗುದಾ?"

"ನೀನು ಸುಮ್ನಿರು ಮಾರಾಯ್ತಿ."

"ಮಟಾಟು ವ್ಯಾನು ಹಿಡಿದು ಬೇಗ ಹೋಗಿ. ಬಿದ್ದ್ರೆ ಫೋನ್ ಮಾಡಿ. ಬೀಳದಿದ್ರೂ ಮಾಡಿ."

"ಮಟಾಟು ಯಾಕೆ? ನನ್ ಕಾರಿಲ್ವಾ?" ಎಂದರು ಮೇಡಂ.

ಮೇಡಂ ಕಾರು ಓಡಿಸುವುದನ್ನು ಓಡಿಸುವುದು ಎನ್ನಲಾಗದು. ಅದನ್ನು ನಡೆಸಿಕೊಂಡು ಹೋಗುತ್ತಿದ್ದರು, ವಯಸ್ಸಾದವರನ್ನು ಕೈ ಹಿಡಿದು ರಸ್ತೆ ದಾಟಿಸಿದ ಹಾಗೆ. ಪ್ರತಿ ವೃತ್ತದಲ್ಲೂ ಎಲ್ಲರಿಗೂ ದಾರಿ ಬಿಟ್ಟು, ಕೈಗಾಡಿಯವನಿಗೂ ಬಿಟ್ಟು, ಅವನು ನಗುತ್ತಾ ಕೈಯೆತ್ತಿದರೆ ತಾವೂ ಕೈಯೆತ್ತಿ, ಆಮೇಲೆ ಹೊರಡುವವರು. ಡೆಂಜಿಲ್ ಮನಸ್ಸಿನಲ್ಲೇ ಓಡಲು ಶುರುಮಾಡಿದ್ದರು. ಹೊಟ್ಟೆಯಲ್ಲಿ ಕಷಾಯ ಕೊಡದೊಳಗಿನ ನೀರಿನಂತೆ ತುಳುಕುತ್ತಿತ್ತು.

ಅರ್ಧ ದಾರಿಯಲ್ಲಿ ಮೇಡಂ ಗಾಡಿ ಬದಿಗೆ ನಿಲ್ಲಿಸಿದರು. "ಒಂದ್ ಫೋನ್ ಮಾಡ್ಬೇಕು. ಓಡಿಸ್ತಾ ಮಾತಾಡಬಾರ್ದು ನೋಡು." ಫೋನು ಹೋದದ್ದು ಶ್ರದ್ಧಾಗೆ. ಶ್ರದ್ಧಾ ಮೇಡಂ ಅವರ ಹಳೆಯ ವಿದ್ಯಾರ್ಥಿನಿ, ಹರ್ಷನ ಹೆಂಡತಿ.

"ಶ್ರದ್ಧಾ, ಚೆನ್ನಾಗಿದೀಯಾ? ಒಂದ್ ಮಾತು. ನಮ್ ಡೆಂಜಿಲ್ ಬರ್ತಿದಾರೆ ಓಡೋದಕ್ಕೆ. ಅವರ ಮಂಡಿ ಪೂರ್ತಿ ಸವೆದುಹೋಗಿದೆಯಮ್ಮ. ಹತ್ತೋಕೂ ಆಗಲ್ಲ, ಇಳಿಯೋಕೂ ಆಗಲ್ಲ. ಜಾಸ್ತಿ ಓಡಿಸ್ಬೇಡ ಅಂತ ಹರ್ಷನಿಗೆ ಹೇಳು. ನಾನ್ ಹೇಳ್ದೆ ಅಂತ ಹೇಳ್ಬೇಡ."

ಡೆಂಜಿಲ್ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದರು. "ಮೇಡಂ, ಎಂತ ಮಾಡಿದ್ರಿ ನೀವು?"

"ಒಂದ್ ಒಳ್ಳೆ ಮಾತು ಹಾಕ್ದೆ ಕಣಪ್ಪ. ನಮ್ಮೋರಿಗೆ ನಾವು ಹೇಳ್ದೆ ಇನ್ಯಾರು ಹೇಳ್ತಾರೆ?"

ಕಾಡಿನ ಬಾಗಿಲಲ್ಲಿ ಹರ್ಷ ನಿಂತಲ್ಲೇ ಸ್ಪ್ರಿಂಗಿನಂತೆ ಕುಣಿಯುತ್ತಿದ್ದ. ವೈಭವ್ ಕೈಗಡಿಯಾರಕ್ಕೆ ಏನೋ ಆಜ್ಞೆ ಕೊಡುತ್ತಿದ್ದ. ಹರ್ಷ ಮೂಗು ಅರಳಿಸಿದ.

"ಇಲ್ಲಿ ಆಯುರ್ವೇದದ ಕ್ಲಿನಿಕ್ ಓಪನ್ ಆಗಿದ್ಯಾ? ಅಂಕಲ್, ನೀವಾ? ಮಂಡಿ ಹೇಗಿದೆ? ಹತ್ತೋಕೂ ಆಗಲ್ವಂತೆ, ಇಳಿಯೋಕೂ ಆಗಲ್ವಂತೆ?"

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಹೇಳಿಲ್ಲ ಅಂತ ಹೇಳು ಅಂದ್ರಂತೆ."

ಓಟ ಶುರುವಾಯಿತು. ಮೊದಲ ತಿರುವಿನವರೆಗೆ ಡೆಂಜಿಲ್ ಇಬ್ಬರ ಜೊತೆಗೇ ಇದ್ದರು. ಆಮೇಲೆ ಅವರ ಬೆನ್ನು ಕಂಡಿತು, ಆಮೇಲೆ ಬರಿ ಮಾತು ಕೇಳಿಸಿತು, ಆಮೇಲೆ ಹಕ್ಕಿಗಳ ಸದ್ದಷ್ಟೇ. ಮಂಡಿಯ ಪಟ್ಟಿ ಸಡಿಲವಾಗಿ ಕಣಕಾಲಿಗೆ ಇಳಿಯಿತು. ಸೀರೆಯ ಜರಿ ಅಂಚು ಹಿಂದೆ ಬಾಲದಂತೆ ಎಳೆದುಕೊಂಡು ಬಂತು. ಎದುರಿನಿಂದ ಓಡಿ ಬಂದ ದಂಪತಿ ಗೌರವದಿಂದ ಬದಿಗೆ ಸರಿದು, ಯಾವುದೋ ಧಾರ್ಮಿಕ ವ್ರತವಿರಬೇಕು ಎಂಬಂತೆ ತಲೆ ಬಾಗಿಸಿದರು.

ಒಂದು ಕಲ್ಲಿನ ಮೇಲೆ ಕೂತು ಜೇಬಿನ ಬಾಳೆಹಣ್ಣು ತೆಗೆದರು. ಸಿಪ್ಪೆ ಸುಲಿದು ಮುಗಿಸುವ ಹೊತ್ತಿಗೆ ಮರದಿಂದ ಇಳಿದ ಕೋತಿ ಅವರ ಕೈಯಿಂದ ಅದನ್ನು ಮೆಲ್ಲಗೆ, ಒಂದಿಷ್ಟೂ ಅವಸರವಿಲ್ಲದೆ ತೆಗೆದುಕೊಂಡಿತು. ಸುಲಿದುಕೊಟ್ಟದ್ದಕ್ಕೆ ಸಂತೋಷ ಎಂಬಂತೆ ಒಮ್ಮೆ ನೋಡಿತು.

ಕರೂರಾ ಕಾಡಿನಲ್ಲಿ ದಾರಿಗಳು ಕೂಡುವ ಕಡೆಯೆಲ್ಲ ಸಂಖ್ಯೆ ಬರೆದ ಕಂಬಗಳಿವೆ. ಮಕ್ಕಳೂ ಅಲ್ಲಿ ದಾರಿ ತಪ್ಪುವುದಿಲ್ಲ. ಕಾಣದ ಊರಿನಲ್ಲಿ ನೂರಾರು ಜನರನ್ನು ಸರಿಯಾಗಿ ಓಡಿಸಿದ ಡೆಂಜಿಲ್ ತಪ್ಪಿದರು. ಕಂಬ ನೋಡುವ ಬದಲು ಅವರ ಮನಸ್ಸು ಮೊಂತೆಸಾಲೆಯಲ್ಲಿತ್ತು. ಇಂಥದ್ದೇ ಒಂದು ಏರು ಅಲ್ಲಿ ನಾಲ್ಕನೇ ದಾರಿಯಲ್ಲಿದೆ. ಸ್ಮಶಾನದ ಗೋಡೆ ದಾಟಿದ ಮೇಲೆ ತಿರುವಿನ ಒಂದು ಮನೆ, ಒಂದು ಅಂಜೂರದ ಮರ ಬಿಟ್ಟರೆ ನೆರಳೂ ಇಲ್ಲದ, ಏನೂ ಇಲ್ಲದ ಉದ್ದನೆಯ ಏರು.

ಅಲ್ಲೇ ಅವರು ಆ ಸುಳ್ಳು ಬರೆದದ್ದು. ಚಿತ್ರದಲ್ಲಿ ಆ ಏರನ್ನು ನೋಡುತ್ತಾ ಕೂತಾಗ ಅವರಿಗೇ ಬಾಯಾರಿತ್ತು. ಪಾಪ, ಓಡುವವರಿಗೆ ಇಲ್ಲಿ ಯಾರಾದರೂ ಒಂದು ತೊಟ್ಟು ನೀರು ಕೊಡಬಾರದೇ ಅನ್ನಿಸಿತ್ತು. ಬೆರಳುಗಳು ತಾವಾಗಿ ಬರೆದುಬಿಟ್ಟವು: ಈ ತಿರುವಿನಲ್ಲಿ, ಅಂಜೂರದ ಮರದ ಕೆಳಗೆ, ಕಪ್ಪು ಉಡುಪಿನ ಅಜ್ಜಿಯೊಬ್ಬಳು ಮಣ್ಣಿನ ಹೂಜಿಯಲ್ಲಿ ನೀರಿಟ್ಟುಕೊಂಡು ಕೂತಿರುತ್ತಾಳೆ. ಕೇಳಿದರೆ ಕೊಡುತ್ತಾಳೆ. ಆಮೇಲೆ ಅಳಿಸಬೇಕೆಂದುಕೊಂಡರು, ಮನಸ್ಸಾಗಲಿಲ್ಲ. ಮೊದಲ ವರ್ಷ ಹೆದರಿಕೊಂಡೇ ಇದ್ದರು. ಯಾರೂ ದೂರು ಕೊಡಲಿಲ್ಲ. ಆ ದಿನ ಅಜ್ಜಿ ಚರ್ಚಿನ ಪೂಜೆಗೆ ಹೋಗಿರಬೇಕು ಎಂದು ಓಡಿದವರೆಲ್ಲ ತಿಳಿದುಕೊಂಡಿರಬಹುದು.

"ಮ್ಝೇ, ಪೋಲೆ" ಎಂದು ಮರುಗಿತು ಒಂದು ಧ್ವನಿ. ಕಾಡಿನ ದಾರಿ ಗುಡಿಸುವ ಹೆಂಗಸು, ಕೈಯಲ್ಲಿ ಪೊರಕೆ. ಅವಳು ಡೆಂಜಿಲ್‌ರ ಮುಖ ನೋಡಿ ಮತ್ತೇನೂ ಕೇಳದೆ ತನ್ನ ಬಾಟಲಿಯ ನೀರು ಕೊಟ್ಟಳು. ಅವರು ಕುಡಿದು ಮುಗಿಸುವವರೆಗೆ ಬೇರೆ ಕಡೆ ನೋಡುತ್ತಾ ನಿಂತಳು, ಬಾಯಾರಿದವನನ್ನು ದಿಟ್ಟಿಸಿ ನೋಡಬಾರದು ಎಂಬಂತೆ. ಕೆಳಗೆ ಬಿದ್ದಿದ್ದ ಸೀರೆಪಟ್ಟಿಯನ್ನು ಎತ್ತಿ ಮಡಿಸಿ ಕೈಗಿತ್ತು, ದಾರಿ ತೋರಿಸಿದಳು.

"ಅಸಾಂಟೆ, ಅಸಾಂಟೆ ಸಾನಾ" ಎಂದು ಎರಡೆರಡು ಸಲ ಧನ್ಯವಾದ ಹೇಳಿದರು ಡೆಂಜಿಲ್. ಅವರ ಕಣ್ಣು ಒದ್ದೆಯಾಗಿತ್ತು. ಬೆವರೂ ಇರಬಹುದು.

ಕಾಡಿನ ಚಹದಂಗಡಿಯ ಅಂಗಳ ತಲುಪುವಾಗ ಹರ್ಷ, ವೈಭವ್ ಇಬ್ಬರೂ ತಿಂಡಿ ಮುಗಿಸಿ ಕೂತಿದ್ದರು. ಕಾತ್ಯಾಯಿನಿ ಮೇಡಂ ಕೂಡ ಅಲ್ಲೇ ಒಂದು ಕುರ್ಚಿಯಲ್ಲಿ ಕೂತು ಹರ್ಷನಿಗೆ ಮಂಡಿಯ ರಚನೆ ವಿವರಿಸುತ್ತಿದ್ದರು. ವೈಭವ್ ಎದ್ದು ತನ್ನ ಕುರ್ಚಿ ಕೊಟ್ಟ, ಕೇಳದೆಯೇ ಚಹಕ್ಕೆ ಎರಡು ಚಮಚ ಸಕ್ಕರೆ ಹಾಕಿ ಮುಂದಿಟ್ಟ. ಗೆದ್ದವರು ಕೊಡುವ ಸಕ್ಕರೆ ಅದು ಎಂದು ಡೆಂಜಿಲ್‌ಗೆ ಗೊತ್ತಾಯಿತು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ" ಎಂದ ಹರ್ಷ. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಆ ಕಲ್ಲಿನ ಮೆಟ್ಟಿಲಲ್ಲಿ ಬಿದ್ರೆ ನೋಡ್ಕೊಳ್ಳೋರು ಯಾರು? ವೈಭವ್ ಹೋಗ್ಲಿ. ನೀವು ಇಲ್ಲಿಂದ ಫೋನಲ್ಲಿ ಗೈಡ್ ಮಾಡಿ. ಆ ಊರು ನಿಮಗೆ ಬಾಯಿಪಾಠ ಅಲ್ವಾ."

ಡೆಂಜಿಲ್ ಚಹದ ಲೋಟ ನೋಡಿದರು. ಜೀವನದಲ್ಲಿ ಅವರು ಯಾರಿಗೂ ಎದುರು ಮಾತಾಡಿದವರಲ್ಲ. ಅವರ ಹತ್ತಿರ ಉಳಿದಿದ್ದದ್ದು ಒಂದೇ ಒಂದು ಇಸ್ಪೀಟು ಎಲೆ, ಅದೂ ಕೊಳೆತದ್ದು. ಅದನ್ನೇ ಇಳಿಸಿದರು.

"ಅದರಲ್ಲಿ ಸುಳ್ಳುಂಟು ಹರ್ಷ."

"ಯಾವುದ್ರಲ್ಲಿ?"

"ನಾನು ಬರೆದದ್ರಲ್ಲಿ. ನಾಲ್ಕನೇ ದಾರಿಯಲ್ಲಿ ಒಂದು ಅಜ್ಜಿ ಉಂಟಲ್ಲ, ನೀರು ಕೊಡುದು. ಆ ಅಜ್ಜಿ ಇಲ್ಲ. ನಾನು ಹುಟ್ಟಿಸಿದ್ದು."

ವೈಭವ್‌ನ ಗಡಿಯಾರ ಪೀಂ ಎಂದಿತು.

"ಅಂಕಲ್, ಹಾಳೆ ಓದಿದೋರಿಗೆಲ್ಲ ಇಷ್ಟ ಆಗಿರೋದೇ ಆ ಅಜ್ಜಿ. ನಮ್ಮ ಬ್ರೋಷರ್‌ನ ಕವರ್ ಮೇಲೆ ಚಿತ್ರ ಬರೆಸಿ ಹಾಕಿದೀವಿ."

"ಗೊತ್ತುಂಟು. ಅದಕ್ಕೇ ಹೇಳುದು. ಇನ್ನೂ ಎಂತೆಂತ ಬರೆದಿದ್ದೇನೋ ನನಗೇ ನೆನಪಿಲ್ಲ. ಎಲ್ಲಿ ನೋಡಿ ಬರೆದದ್ದು, ಎಲ್ಲಿ ಊಹಿಸಿ ಬರೆದದ್ದು ಅಂತ ಅಲ್ಲಿ ನಿಂತು ನೋಡಿದ್ರೆ ನನಗೆ ಮಾತ್ರ ಗೊತ್ತಾಗ್ತದೆ. ವೈಭವ್‌ಗೆ ಹೇಗೆ ಗೊತ್ತಾಗ್ಬೇಕು? ನೀರು ಸಿಗ್ತದೆ ಅಂತ ನಂಬಿ ಹೋದವರು ಬಿಸಿಲಲ್ಲಿ ಬಿದ್ರೆ?"

ಹರ್ಷನ ಮುಖ ಬಿಳಿಚಿತು. ಬಿದ್ದವರು ವಕೀಲರನ್ನು ಕರೆದುಕೊಂಡು ಏಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಅವನು ಎದ್ದು ಮರದ ಸುತ್ತ ಎರಡು ಸಲ ನಡೆದ, ಓಡಲಿಲ್ಲ.

"ಸರಿ. ನೀವೇ ಹೋಗ್ಬೇಕು. ಬೇರೆ ದಾರಿ ಇಲ್ಲ. ಓಡ್ಬೇಡಿ, ನಡೀರಿ. ಒಂದೊಂದು ಲೈನೂ ಚೆಕ್ ಮಾಡಿ. ಈ ವಾರ ಅಲ್ಲಿರೋ ಗುಂಪಿಗೆ ಈಗ್ಲೇ ಒಂದ್ ಮೆಸೇಜ್ ಹಾಕ್ತೀನಿ, ಅಜ್ಜೀನ ನಂಬ್ಕೊಂಡು ನೀರಿಲ್ದೆ ಹೋಗ್ಬೇಡಿ ಅಂತ."

ಡೆಂಜಿಲ್ ತಲೆಯಾಡಿಸಿದರು. ಸುಳ್ಳು ಬರೆದದ್ದಕ್ಕೆ ಬಹುಮಾನ ಬಂದಿತ್ತು. ಇಷ್ಟು ವರ್ಷ ಸರಿಯಾಗಿ ಬರೆದದ್ದಕ್ಕೆ ಬಂದಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಮೇಡಂ ಮತ್ತೆ ಮತ್ತೆ ಗಾಡಿ ನಿಲ್ಲಿಸಿದರು. ಸೌತ್ ಬಿ ತಲುಪುವಾಗ ವಠಾರಕ್ಕೆಲ್ಲ ಸುದ್ದಿ ತಿಳಿದಿತ್ತು. ಮುಟುವಾ ಗೇಟನ್ನು ಎರಡೂ ಬದಿಗೆ ತೆರೆದು ಸೆಲ್ಯೂಟ್ ಹೊಡೆದ. ಎದುರು ಮನೆಯ ಭಾನುಮತಿ ರವೆ ಉಂಡೆ ತಂದರು. "ಡೆಂಜಿಲ್ ಅವ್ರೇ, ಅಲ್ಲಿ ಆಲಿವ್ ಎಣ್ಣೆ ಅಗ್ಗವಂತೆ. ಒಂದ್ ಐದ್ ಲೀಟರ್ ತಂದ್ಬಿಡಿ. ಭಾರ ಏನಾಗಲ್ಲ, ಕೈಯಲ್ಲಿ ಹಿಡ್ಕೊಂಡ್ರೆ ಆಯ್ತು."

ಫಿಲೋಮಿನಾ ಪೆಟ್ಟಿಗೆಯಿಂದ ಮದುವೆಯ ಕೋಟು ತೆಗೆದು ಬಿಸಿಲಿಗೆ ಹಾಕಿದ್ದರು. ಅದು ಡೆಂಜಿಲ್‌ಗೆ ಈಗ ಒಂದು ತೋಳಿಗಷ್ಟೇ ಬರುತ್ತಿತ್ತು. ಆದರೂ ಹಾಕಿ ನೋಡಿದರು.

"ಆ ಊರಲ್ಲಿ ಯಾವ ವಾಸನೆ ಬರ್ತದೆ ಅಂತ ನನಗೆ ಫೋನ್ ಮಾಡಿ ಹೇಳ್ಬೇಕು" ಎಂದರು ಫಿಲೋಮಿನಾ. "ಆರು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಅದೇ ಕೇಳಿ ಕೇಳಿ ನನಗೂ ಆಸೆ ಹಿಡಿದುಂಟು."

ಸಂಜೆ, ರವೆ ಉಂಡೆ ಮುಗಿದು, ಭಾನುಮತಿ ಎಣ್ಣೆಯ ಜೊತೆಗೆ ಚೀಸ್ ಕೂಡ ಸೇರಿಸಿ ಹೋದ ಮೇಲೆ, ಹರ್ಷನ ಫೋನು ಬಂತು. ಅವನು ನಗುತ್ತಿದ್ದ.

"ಅಂಕಲ್, ಏನ್ ಅಂಕಲ್ ನೀವು. ಎಷ್ಟ್ ಹೆದರಿಸಿದ್ರಿ. ಅಲ್ಲಿರೋ ಗುಂಪಿನೋರು ತೆಗೆದ ಫೋಟೋ ಕಳ್ಸಿದೀನಿ, ನೋಡಿ."

ಡೆಂಜಿಲ್ ನೋಡಿದರು. ಬಿಳಿ ಏರು, ತಿರುವು, ಅಂಜೂರದ ಮರ. ಮರದ ಕೆಳಗೆ ಕಪ್ಪು ಉಡುಪಿನ ಅಜ್ಜಿ. ಪಕ್ಕದಲ್ಲಿ ಮಣ್ಣಿನ ಹೂಜಿ, ಗೋಡೆಯ ಮೇಲೆ ಧೂಳು ಬೀಳದಂತೆ ಬೋರಲು ಹಾಕಿದ ಲೋಟಗಳು. ಲೋಟಗಳನ್ನು ಮಾತ್ರ ಡೆಂಜಿಲ್ ಬರೆದಿರಲಿಲ್ಲ.

"ಇದು ಹೇಗೆ?" ಎಂದರು.

"ಗುಂಪಲ್ಲಿ ಇಟಾಲಿಯನ್ ಬರೋರು ಒಬ್ರಿದ್ರು, ಮಾತಾಡ್ಸಿದ್ರಂತೆ. ಮೊದಲ ವರ್ಷ ಓಡಿ ಬಂದೋರೆಲ್ಲ ಕೈಯಲ್ಲಿ ಹಾಳೆ ಹಿಡ್ಕೊಂಡು ಆಯಮ್ಮನ ಮನೆ ಮುಂದೆ ನಿಂತು, ನೀರು ಕೊಡೋ ಅಜ್ಜಿ ಎಲ್ಲಿ ಅಂತ ಕೇಳೋರಂತೆ. ಅಂಥ ಅಜ್ಜಿ ಯಾರೂ ಇಲ್ಲ ಅಂತ ನಾಲ್ಕೈದು ಸಲ ಹೇಳಿದ್ರಂತೆ. ಆಮೇಲೆ ಬಾಯಾರಿ ಬಂದೋರ ಮುಖ ನೋಡೋಕಾಗ್ದೆ ಆಯಮ್ಮ ತಾವೇ ಹೂಜಿ ತಂದು ಕೂತ್ರಂತೆ. ಅವತ್ತಿಂದ ದಿನಾ ಕೂರ್ತಾರೆ. ಮೊದ್ಲು ಕಪ್ಪು ಬಟ್ಟೆ ಇರ್ಲಿಲ್ವಂತೆ. ಹಾಳೆಯಲ್ಲಿ ಹಾಗಿದೆ ಅಂತ ಯಾರೋ ಹೇಳಿದ್ಮೇಲೆ ಹೊಲಿಸ್ಕೊಂಡ್ರಂತೆ."

ಡೆಂಜಿಲ್ ಕುರ್ಚಿಯಲ್ಲಿ ಕೂತರು.

"ಅಂದ್ರೆ ನಾನು ಬರೆದಾಗ ಸುಳ್ಳೇ ಅಲ್ವಾ ಹರ್ಷ."

"ಬರೆದಾಗ ಸುಳ್ಳು, ಈಗ ನಿಜ. ಇನ್ನೇನ್ ಚೆಕ್ ಮಾಡೋದು? ನೀವ್ ಏನ್ ಬರೆದ್ರೂ ಆ ಊರಿನೋರೇ ಸರಿ ಮಾಡ್ಕೋತಾರೆ. ಯಾರೂ ಹೋಗೋದ್ ಬೇಡ. ವೈಭವ್‌ಗೂ ಹೇಳ್ಬಿಟ್ಟೆ. ಆ ಅಜ್ಜಿ ಒಂದ್ ಕೇಳಿದ್ರಂತೆ ನೋಡಿ, ಈ ಹಾಳೆ ಬರೆದೋರು ಯಾರು, ಒಂದ್ಸಲ ಬರೋಕ್ ಹೇಳಿ, ಅವರಿಗೂ ಒಂದ್ ಲೋಟ ನೀರು ಕೊಡ್ತೀನಿ ಅಂತ. ಎಷ್ಟ್ ಸ್ವೀಟ್ ಅಲ್ವಾ? ಬ್ರೋಷರ್‌ಗೆ ಹಾಕೋಣ."

"ಹಾಕಿ" ಎಂದರು ಡೆಂಜಿಲ್.

"ಇನ್ನೊಂದು. ಗ್ರೀಸ್‌ನಲ್ಲಿ ಒಂದ್ ಊರು ನೋಡಿದೀನಿ. ಅದೂ ಗುಡ್ಡ, ಸಮುದ್ರ. ಸೋಮವಾರದೊಳಗೆ ಅದರ ರೂಟ್ಸ್ ಬರೆದ್ಬಿಡಿ. ಹೋಗೋದೇನ್ ಬೇಕಿಲ್ಲ, ನಿಮ್ಗೆ ಕೂತಲ್ಲೇ ಎಲ್ಲಾ ಕಾಣ್ಸುತ್ತೆ. ನಿಮ್ಮ ಮಂಡಿಗೂ ಒಳ್ಳೇದು."

ಕೆಳಗಿನಿಂದ ಕಾತ್ಯಾಯಿನಿ ಮೇಡಂ ಕೂಗಿದರು. "ಡೆಂಜಿಲ್, ಶ್ರದ್ಧಾ ಫೋನ್ ಮಾಡಿದ್ಲು ಕಣಪ್ಪ. ಮಂಡಿ ವಿಷ್ಯ ಹರ್ಷ ಮನಸ್ಸಿನಲ್ಲಿಟ್ಕೊಂಡಿದಾನಂತೆ. ನಾನ್ ಹೇಳಿದ್ದು ನಾಟಿದೆ." ಅವರ ದನಿಯಲ್ಲಿ ಸಂತೋಷ ತುಂಬಿತ್ತು. ಅದನ್ನು ಒಡೆಯಲು ಡೆಂಜಿಲ್‌ಗೆ ಮನಸ್ಸಾಗಲಿಲ್ಲ. "ಥ್ಯಾಂಕ್ಸ್ ಮೇಡಂ" ಎಂದರು.

ಫಿಲೋಮಿನಾ ಕೋಟನ್ನು ಮಡಿಸಿ, ನುಸಿಗುಳಿಗೆ ಹಾಕಿ, ಪೆಟ್ಟಿಗೆಯಲ್ಲಿ ಇದ್ದ ಜಾಗದಲ್ಲೇ ಇಟ್ಟರು. ಆಮೇಲೆ ಒಂದು ಲೋಟ ನೀರು ತಂದು ಗಂಡನ ಕಂಪ್ಯೂಟರಿನ ಪಕ್ಕ ಸದ್ದಾಗದಂತೆ ಇಟ್ಟು ಹೋದರು.

ಡೆಂಜಿಲ್ ಹೊಸ ಊರನ್ನು ತೆರೆದರು. ದೊಡ್ಡದು ಮಾಡಿದರು. ಬಂದರು, ಚರ್ಚು, ನೀಲಿ ಬಾಗಿಲುಗಳು. ಚರ್ಚಿನ ಹಿಂದಿನಿಂದ ಒಂದು ದಾರಿ ಗುಡ್ಡಕ್ಕೆ ಹತ್ತಿತ್ತು. ನೆರಳಿಲ್ಲದ, ಉದ್ದನೆಯ, ಬಿಳಿ ಏರು. ತಿರುವಿನಲ್ಲಿ ಒಂದು ಪುಟ್ಟ ಮನೆ, ಮುಂದೆ ಒಂದು ಮರ. ಅದನ್ನು ಅವರು ಬಹಳ ಹೊತ್ತು ನೋಡಿದರು. ಬಾಯಾರಿತು. ಪಕ್ಕದಲ್ಲೇ ಇದ್ದ ಲೋಟದ ಕಡೆ ಅವರ ಕಣ್ಣು ಹೋಗಲಿಲ್ಲ.

ಆಮೇಲೆ ಎರಡು ಬೆರಳಿನಿಂದ ನಿಧಾನವಾಗಿ ಬರೆದರು: ಈ ತಿರುವಿನಲ್ಲಿ ಯಾರೂ ಇಲ್ಲ. ನಿಮ್ಮ ನೀರು ನೀವೇ ಹೊತ್ತು ತನ್ನಿ.